ದಿ ಟರ್ನ್ ಆಫ್ ದ ಸ್ಕ್ರೂ: ಬ್ಲೈ ಬಂಗಲೆಯಲ್ಲಿ ದೆವ್ವ ಇದ್ದದ್ದು ನಿಜವೇ? (ಕಥೆಯ ಕೊನೆಯೂ ಚರ್ಚೆಯಲ್ಲಿದೆ)

ತುಂಗಾತೀರ

ನಮ್ಮ ಓದುಗ ಬಳಗದಲ್ಲಿ ಈ ಸಲ ಹೆನ್ರಿ ಜೇಮ್ಸ್ ಬರೆದ ‘ದಿ ಟರ್ನ್ ಆಫ್ ದ ಸ್ಕ್ರೂ’ ಓದಿದೆವು. 1898ರ ಕಿರುಕಾದಂಬರಿ, ಪೀಠಿಕೆ ಬಿಟ್ಟರೆ 24 ಅಧ್ಯಾಯ. ಮಾತಿಗೆ ಕೂತದ್ದೇ ತಡ, ಬಳಗ ಎರಡು ಪಾಲಾಯಿತು. ದೆವ್ವ ಇತ್ತು ಎಂದು ಅರ್ಧ ಜನ, ಕಥೆ ಹೇಳುವ ಹುಡುಗಿಗೇ ತಲೆ ಕೆಟ್ಟಿತ್ತು ಎಂದು ಇನ್ನರ್ಧ ಜನ. ಯಾರೂ ಒಂದಿಂಚು ಜಗ್ಗಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಓದದೆ ಇರುವವರಿಗೆ ಕಥೆ ಇಷ್ಟು. ಹಳ್ಳಿಯ ಬಡ ಪಾದ್ರಿಯ ಕೊನೆಯ ಮಗಳು, ವಯಸ್ಸು ಇಪ್ಪತ್ತು, ಕೆಲಸ ಹುಡುಕಿಕೊಂಡು ಲಂಡನ್ನಿಗೆ ಬರುತ್ತಾಳೆ. ಹಾರ್ಲಿ ಸ್ಟ್ರೀಟಿನ ದೊಡ್ಡ ಮನೆಯಲ್ಲಿ ಒಬ್ಬ ಚೆಲುವ, ಮದುವೆಯಾಗದ ಸಿರಿವಂತ ಅವಳನ್ನು ಮಕ್ಕಳಿಗೆ ಗವರ್ನೆಸ್ ಆಗಿ, ಅಂದರೆ ಮನೆಯಲ್ಲೇ ಇದ್ದು ಪಾಠ ಹೇಳಿ ನೋಡಿಕೊಳ್ಳುವ ಶಿಕ್ಷಕಿಯಾಗಿ ಗೊತ್ತುಮಾಡುತ್ತಾನೆ. ಸೈನ್ಯದಲ್ಲಿದ್ದ ಅವನ ತಮ್ಮ ಮತ್ತು ತಮ್ಮನ ಹೆಂಡತಿ ಇಂಡಿಯಾದಲ್ಲಿ ತೀರಿಕೊಂಡಿದ್ದಾರೆ. ಅವರ ಮಕ್ಕಳಾದ ಹತ್ತು ವರ್ಷದ ಮೈಲ್ಸ್, ಎಂಟು ವರ್ಷದ ಫ್ಲೋರಾ ಈ ದೊಡ್ಡಪ್ಪನ ಪಾಲಿಗೆ ಬಂದಿದ್ದಾರೆ. ಮಕ್ಕಳನ್ನು ಎಸೆಕ್ಸ್ ಕಡೆಯ ಬ್ಲೈ ಎಂಬ ಬಂಗಲೆಗೆ ಕಳಿಸಿ ಅವನು ಲಂಡನ್ನಿನಲ್ಲೇ ಇದ್ದಾನೆ. ಹುಡುಗಿಗೆ ಅವನದು ಒಂದೇ ಷರತ್ತು: ಏನೇ ಬಂದರೂ ತನ್ನನ್ನು ಕೇಳಬಾರದು, ದೂರು ಹೇಳಬಾರದು, ಒಂದು ಕಾಗದ ಸಹ ಬರೆಯಬಾರದು.

ಬ್ಲೈಯಲ್ಲಿ ಅವಳಿಗೆ ಇಬ್ಬರು ಕಾಣಿಸತೊಡಗುತ್ತಾರೆ. ಒಬ್ಬ ಪೀಟರ್ ಕ್ವಿಂಟ್, ಯಜಮಾನನ ಖಾಸಾ ಆಳಾಗಿದ್ದವನು. ಇನ್ನೊಬ್ಬಳು ಮಿಸ್ ಜೆಸೆಲ್, ಇವಳಿಗಿಂತ ಮುಂಚೆ ಇದ್ದ ಗವರ್ನೆಸ್. ಇಬ್ಬರೂ ಸತ್ತವರು. ಮಕ್ಕಳನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ಬಂದಿದ್ದಾರೆ ಎಂದು ಅವಳ ನಂಬಿಕೆ. ಕೊನೆಗೆ ಮೈಲ್ಸ್ ಅವಳ ತೋಳಿನಲ್ಲೇ ಪ್ರಾಣ ಬಿಡುತ್ತಾನೆ.

ನಾನು ದೆವ್ವದ ಪಕ್ಷ. ಕಾರಣ ಐದನೇ ಅಧ್ಯಾಯ. ಕಿಟಕಿಯಾಚೆ ಕಂಡವನನ್ನು ಅವಳು ಮನೆವಾರ್ತೆಯ ಮಿಸೆಸ್ ಗ್ರೋಸ್‌ಗೆ ಬಣ್ಣಿಸುತ್ತಾಳೆ: ತಲೆ ಮೇಲೆ ಟೋಪಿಯಿಲ್ಲ, ಕೆಂಪು ಗುಂಗುರು ಕೂದಲು, ಬಿಳಿಚಿದ ಉದ್ದ ಮುಖ, ಕೆನ್ನೆಗೂದಲೂ ಕೆಂಪು, ಹುಬ್ಬು ಮಾತ್ರ ಕಪ್ಪು, ಚೂಪಾದ ಸಣ್ಣ ಕಣ್ಣು, ತೆಳು ತುಟಿ, ನಾಟಕದವನ ಹಾಗೆ ಇದ್ದ, ತೊಟ್ಟ ಬಟ್ಟೆ ಅವನದಲ್ಲ. ಮಿಸೆಸ್ ಗ್ರೋಸ್ ಬೆಚ್ಚಿಬಿದ್ದು ಹೆಸರು ಹೇಳುತ್ತಾಳೆ, ಕ್ವಿಂಟ್. ಆಮೇಲೆ ಹೇಳುತ್ತಾಳೆ, ಅವನು ಸತ್ತಿದ್ದಾನೆ. ಎಂದೂ ನೋಡದ, ಹೆಸರೂ ಕೇಳಿರದ ಮನುಷ್ಯನ ಮುಖವನ್ನು ಬರೀ ಭ್ರಮೆ ಇಷ್ಟು ಕರಾರುವಾಕ್ಕಾಗಿ ಬರೆದೀತೇ?

ಹಗಲುಗನಸು

ಅಕ್ಕ, ನಾನು 2020ರಲ್ಲಿ ಬಂದ ಬ್ಲೈ ಸರಣಿ ನೋಡಿ ಪುಸ್ತಕ ತಗೊಂಡೆ. ತುಂಬ ನಿರಾಸೆ ಆಯ್ತು. ಒಂದೊಂದು ವಾಕ್ಯ ಅರ್ಧ ಪುಟ. ಓದಿ ಮುಗಿಸೋ ಹೊತ್ತಿಗೆ ವಾಕ್ಯ ಎಲ್ಲಿ ಶುರುವಾಗಿತ್ತು ಅನ್ನೋದೇ ಮರೆತುಹೋಗುತ್ತೆ. ದೆವ್ವ ಬಂದು ನಿಲ್ಲುತ್ತೆ, ನೋಡುತ್ತೆ, ಹೋಗುತ್ತೆ. ಅಷ್ಟೇ. ಹೆದರಿಸೋ ಕಥೆ ಅಂದ ಮೇಲೆ ಹೆದರಿಸಬೇಕು ತಾನೇ? ಇದನ್ನ ದೊಡ್ಡ ಕೃತಿ ಅಂತ ಯಾಕೆ ಹೊಗಳ್ತಾರೆ ಅಂತ ಯಾರಾದರೂ ಹೇಳಿ. ಕೊಂಕಿಗೆ ಕೇಳ್ತಾ ಇಲ್ಲ, ನಿಜವಾಗಿಯೂ ತಿಳ್ಕೋಬೇಕು.

ಕಡಲಕರೆ

ತುಂಗಾತೀರ ಮೇಡಂ, ನಿಮ್ಮ ಐದನೇ ಅಧ್ಯಾಯಕ್ಕೆ ಉತ್ತರ ಅದೇ ಅಧ್ಯಾಯದಲ್ಲಿ ಉಂಟು. ಅವನು ಊರಿನವನಲ್ಲವಾ ಎಂದು ಮಿಸೆಸ್ ಗ್ರೋಸ್ ಕೇಳಿದಾಗ ಹುಡುಗಿ ಎಂತ ಹೇಳುತ್ತಾಳೆ? ಅಲ್ಲ, ನಿಮಗೆ ಹೇಳಲಿಲ್ಲ, ಆದರೆ ನಾನು ಖಾತ್ರಿ ಮಾಡಿಕೊಂಡಿದ್ದೇನೆ ಎನ್ನುತ್ತಾಳೆ. ಖಾತ್ರಿ ಮಾಡಿಕೊಂಡದ್ದು ಹೇಗೆ ಮಾರಾಯ್ರೆ? ಊರಲ್ಲಿ ಯಾರನ್ನೋ ವಿಚಾರಿಸಿರಬೇಕಲ್ಲ. ಬ್ಲೈಯಲ್ಲಿ ಇದ್ದು ಸತ್ತ ಕೆಂಪುಕೂದಲಿನ ಆಳಿನ ಸುದ್ದಿ ಆಗ ಕಿವಿಗೆ ಬಿದ್ದಿರಲಿಕ್ಕಿಲ್ಲವೇ? ಎರಡನೇ ಅಧ್ಯಾಯದಲ್ಲೇ ಮಿಸೆಸ್ ಗ್ರೋಸ್ ಬಾಯಿ ತಪ್ಪಿ, ಎಳೆಯ ಚಂದದ ಹೆಣ್ಣುಗಳನ್ನು ಇಷ್ಟಪಡುತ್ತಿದ್ದ ಒಬ್ಬ ಗಂಡಸಿನ ವಿಷಯ ಆಡಿ, ಗಡಿಬಿಡಿಯಲ್ಲಿ ಅದು ಯಜಮಾನರು ಎಂದು ತಿದ್ದಿಕೊಳ್ಳುತ್ತಾಳೆ. ಇನ್ನೊಬ್ಬ ಗಂಡಸು ಇದ್ದ ಎಂಬ ವಾಸನೆ ಹುಡುಗಿಗೆ ಆಗಲೇ ಹತ್ತಿದೆ.

ಮತ್ತೆ, ಅವನು ಮೊದಲ ಸಲ ಕಾಣುವುದು ಯಾವ ಗಳಿಗೆಯಲ್ಲಿ ನೋಡಿ. ಜೂನ್ ತಿಂಗಳ ಸಂಜೆ, ಒಬ್ಬಳೇ ತಿರುಗಾಡುತ್ತಾ, ಈಗ ದಾರಿಯ ತಿರುವಿನಲ್ಲಿ ಯಾರಾದರೂ ಎದುರಾಗಿ, ನನ್ನನ್ನು ನೋಡಿ ನಕ್ಕು, ಮೆಚ್ಚಿಕೊಂಡರೆ ಎಷ್ಟು ಚಂದ ಎಂದು ಯೋಚಿಸುತ್ತಿದ್ದಾಳೆ. ಅದು ಯಾರು ಎಂದು ಬಿಡಿಸಿ ಹೇಳಬೇಕಾ? ಎರಡೇ ಸಲ ನೋಡಿದ ಆ ದೊಡ್ಡಪ್ಪ. ಆ ಯೋಚನೆಯ ಬೆನ್ನಿಗೇ ಗೋಪುರದ ಮೇಲೆ ಒಬ್ಬ ಗಂಡಸು ನಿಂತಿದ್ದಾನೆ, ಯಜಮಾನನ ಬಟ್ಟೆ ಹಾಕಿಕೊಂಡು!

ಇನ್ನೂ ಒಂದು ಉಂಟು. ಹದಿನೈದನೇ ಅಧ್ಯಾಯದಲ್ಲಿ ಪಾಠದ ಕೋಣೆಯಲ್ಲಿ ಮಿಸ್ ಜೆಸೆಲ್ ಕಾಣುತ್ತಾಳೆ. ಅಲ್ಲಿ ಬಾಯಿ ಬಿಟ್ಟು ಮಾತಾಡಿದವಳು ನಮ್ಮ ಹುಡುಗಿ ಮಾತ್ರ, ಅದೂ ಒಂದೇ ಕೂಗು. ಮುಂದಿನ ಅಧ್ಯಾಯದಲ್ಲಿ ಮಿಸೆಸ್ ಗ್ರೋಸ್‌ಗೆ ಹೇಳುವಾಗ ಅವರಿಬ್ಬರ ನಡುವೆ ಮಾತುಕತೆಯೇ ನಡೆದು ಹೋಗಿದೆ, ನರಕದ ಯಾತನೆ ಅನುಭವಿಸುತ್ತಿದ್ದೇನೆ ಎಂದು ಜೆಸೆಲ್ ಹೇಳಿಕೊಂಡಿದ್ದಾಳೆ! ಕಣ್ಣೆದುರು ನಡೆದದ್ದಕ್ಕೆ ಒಂದು ದಿನದೊಳಗೆ ಇಷ್ಟು ಸೇರಿಸಬಲ್ಲವಳ ಉಳಿದ ಸಾಕ್ಷಿಯನ್ನು ನಾನು ಹೇಗೆ ನಂಬುವುದು?

ಸಾಧನಕೇರಿ

ಹಗಲುಗನಸು ಅವರ, ನಿಮಗ ಹೆದರಿಕಿ ಬರಲಿಲ್ಲ ಅಂದ್ರ ನಾ ಒಪ್ಪತೀನಿ, ಹೆದರಿಕಿ ಒಬ್ಬೊಬ್ಬರದು ಒಂದೊಂದು ಥರ. ಆದ್ರ ನನಗ ಮೈ ಜುಮ್ಮ ಅಂದದ್ದು ಎಲ್ಲಿ ಹೇಳ್ತೀನಿ ಕೇಳ್ರಿ.

ನಾಕನೇ ಅಧ್ಯಾಯ. ರವಿವಾರ, ಚರ್ಚಿಗೆ ಹೊರಡೂ ಹೊತ್ತು. ಆಕಿ ಕೈಗವಸು ತರಲಿಕ್ಕೆ ಊಟದ ಕೋಣಿಗೆ ಹೋದಾಗ ಕಿಟಕಿ ಹೊರಗ ಅಂವ ನಿಂತಾನ. ಆಕಿ ಹೆದರಿ ಓಡಿ ಹೋಗೂದಿಲ್ಲ. ಹೊರಗ ಹೋಗ್ತಾಳ, ಅಂವ ಇಲ್ಲ. ಅಂವ ನಿಂತ ಜಾಗಾದಾಗ ತಾನ ನಿಂತು, ಅಂವ ನೋಡಿದಂಗ ಗಾಜಿನೊಳಗ ಇಣುಕಿ ನೋಡ್ತಾಳ. ಅದ ಹೊತ್ತಿಗೆ ಮಿಸೆಸ್ ಗ್ರೋಸ್ ಒಳಗ ಬರ್ತಾಳ, ಈಕಿಯನ್ನ ನೋಡಿ ಬೆಳ್ಳಗ ಬಿಳಿಚ್ಕೋತಾಳ. ಆ ಮನ್ಯಾಗ ಎರಡನೇದವರನ್ನ ಕಿಟಕಿಯಿಂದ ಹೆದರಿಸಿದ ಮೊದಲನೇ ದೆವ್ವ ಯಾರು ಹಂಗಾದ್ರ? ಗವರ್ನೆಸ್ಸ. ಈ ಪುಟ ಓದಿ ನಾ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಹಂಗ ಕುಂತಿದ್ದೆ.

ಇನ್ನೊಂದು ಮಾತು. ನಮ್ಮ ಕಡೆ ಕೇಳಿದ ದೆವ್ವದ ಕಥಿಯೊಳಗ ದೆವ್ವಕ್ಕ ಏನರ ಬೇಕಾಗಿರತದ. ತೀರದ ಆಶಾ, ತಪ್ಪಿದ ಕರ್ಮ, ಹಡದು ಬಿಟ್ಟ ಕೂಸು. ಮೈಮ್ಯಾಲ ಬಂದು ಮಾತಾಡತದ, ಕೇಳಿದ್ದು ಕೊಟ್ರ ಹೋಗತದ. ಇಲ್ಲೆ ಕ್ವಿಂಟ್ ಒಂದು ಅಕ್ಷರ ಮಾತಾಡೂದಿಲ್ಲ. ಏನ ಬೇಕು ಅಂತ ಹೇಳೂದಿಲ್ಲ. ಅವಗ ಏನ ಬೇಕಾಗ್ಯದ ಅಂತ ಹೇಳಾಕಿ ಗವರ್ನೆಸ್ ಒಬ್ಬಾಕಿನ. ಬಾಯಿಲ್ಲದ ದೆವ್ವಕ್ಕ ಏನು ಕೊಟ್ಟು ಕಳಸೂದ್ರಿ? ನನಗ ಅದ ಭಾಳ ಹೆದರಿಕಿ.

ನಿವೃತ್ತ ಮೇಷ್ಟ್ರು

ಈ ಜಗಳಕ್ಕೆ ಈಗ ನೂರಕ್ಕೂ ಹೆಚ್ಚು ವರ್ಷ. ಹಿನ್ನೆಲೆ ಸ್ವಲ್ಪ ಹೇಳುತ್ತೇನೆ, ಉಪಯೋಗವಾದೀತು.

1895ರ ಜನವರಿ 5ರಂದು ಜೇಮ್ಸ್ ಬರೆದ ನಾಟಕವೊಂದು ಲಂಡನ್ನಿನಲ್ಲಿ ಮೊದಲ ಪ್ರದರ್ಶನದಲ್ಲೇ ನೆಲಕಚ್ಚಿತು. ವೇದಿಕೆಗೆ ಬಂದ ಲೇಖಕನನ್ನು ಪ್ರೇಕ್ಷಕರು ಕೂಗಿ ಅವಮಾನಿಸಿದರು. ಅದಾದ ಕೆಲವೇ ದಿನಕ್ಕೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ವರ್ಡ್ ವೈಟ್ ಬೆನ್ಸನ್ ಮನೆಗೆ ಹೋದಾಗ ಅವರು ಒಂದು ಅರೆಬರೆ ಕಥೆ ಹೇಳಿದರು: ಹಳ್ಳಿಯ ಮನೆಯಲ್ಲಿ ಆಳುಗಳ ಕೈಗೆ ಬಿಟ್ಟ ಮಕ್ಕಳು, ಮಕ್ಕಳನ್ನು ಕೆಡಿಸಿ ಸತ್ತ ಆಳುಗಳು, ಸತ್ತ ಮೇಲೂ ಬಂದು ಕರೆಯುವ ಅವರ ರೂಪಗಳು. ಜನವರಿ 12ರಂದು ಜೇಮ್ಸ್ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಎರಡು ವರ್ಷ ಕಳೆದು, 1897ರ ಕೊನೆಯಲ್ಲಿ ಕಾದಂಬರಿ ಮುಗಿಯಿತು. 1898ರ ಜನವರಿಯಿಂದ ಏಪ್ರಿಲ್‌ವರೆಗೆ ಅಮೆರಿಕದ ‘ಕೊಲಿಯರ್ಸ್ ವೀಕ್ಲಿ’ಯಲ್ಲಿ ಕಂತುಗಳಾಗಿ ಬಂತು.

ಹಗಲುಗನಸು, ನೀವು ಹೇಳಿದ ಉದ್ದದ ವಾಕ್ಯಕ್ಕೆ ಒಂದು ಕಾರಣ ಇದೆ. ಆ ಹೊತ್ತಿಗೆ ಜೇಮ್ಸ್‌ಗೆ ಮಣಿಕಟ್ಟಿನ ನೋವು. ತಾವು ಬಾಯಲ್ಲಿ ಹೇಳುವುದು, ಇನ್ನೊಬ್ಬರು ಟೈಪ್ ಮಾಡುವುದು, ಹೀಗೆ ಅವರ ಬರವಣಿಗೆ ಸಾಗತೊಡಗಿತ್ತು. ಕಣ್ಣಲ್ಲಿ ಓದಿ ಸುಸ್ತಾದರೆ ಗಟ್ಟಿಯಾಗಿ ಓದಿ ನೋಡಿ. ಹುಡುಗಿ ಎಲ್ಲಿ ಉಸಿರು ಕಟ್ಟಿ ನಿಲ್ಲುತ್ತಾಳೆ, ಎಲ್ಲಿ ತನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಾಳೆ ಅನ್ನುವುದು ಕೇಳಿಸುತ್ತದೆ.

ಬಂದ ಕಾಲಕ್ಕೆ ಜಗಳ ಬೇರೆಯೇ ಇತ್ತು. ದೆವ್ವ ಉಂಟೋ ಇಲ್ಲವೋ ಎಂದು ಹೆಚ್ಚಿನವರು ಕೇಳಲಿಲ್ಲ, ಇಂಥದ್ದನ್ನು ಬರೆಯಬಹುದೇ ಎಂದು ಕೇಳಿದರು. 1899ರ ಜನವರಿಯಲ್ಲಿ ಅಮೆರಿಕದ ‘ದಿ ಇಂಡಿಪೆಂಡೆಂಟ್’ ಪತ್ರಿಕೆ, ಹಳೆಯ ಹೊಸ ಯಾವ ಸಾಹಿತ್ಯದಲ್ಲೂ ಇಷ್ಟು ಕೇಡಿನ ಕಥೆಯನ್ನು ತಾವು ಓದಿಲ್ಲ ಎಂದು ಬರೆಯಿತು. ಅದೇ ತಿಂಗಳು ನಾಟಕಕಾರ ಆಸ್ಕರ್ ವೈಲ್ಡ್ ಗೆಳೆಯನಿಗೆ ಬರೆದ ಕಾಗದದಲ್ಲಿ ಇದು ಅದ್ಭುತವಾದ, ವಿಷ ತುಂಬಿದ ಪುಟ್ಟ ಕಥೆ ಎಂದು ಕೊಂಡಾಡಿದರು. ಇಬ್ಬರೂ ಕಂಡದ್ದು ಒಂದೇ ವಿಷ.

ಕಡಲಕರೆಯವರ ಪಕ್ಷಕ್ಕೆ ದೊಡ್ಡ ಬಲ ಬಂದದ್ದು 1934ರಲ್ಲಿ, ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ ಲೇಖನದಿಂದ. ದೆವ್ವಗಳು ಗವರ್ನೆಸ್‌ಳ ಅದುಮಿಟ್ಟ ಆಸೆಯ ಭ್ರಮೆ ಎಂದು ಮನೋವಿಶ್ಲೇಷಣೆಯ ಪಿತಾಮಹ ಫ್ರಾಯ್ಡ್‌ನ ದಾರಿ ಹಿಡಿದು ವಾದಿಸಿದರು. ಗಂಡು ಕಾಣುವುದು ಗೋಪುರದ ಮೇಲೆ, ಹೆಣ್ಣು ಕಾಣುವುದು ಕೆರೆಯ ದಡದಲ್ಲಿ ಅನ್ನುವುದನ್ನೂ ಲೈಂಗಿಕ ಸಂಕೇತವೆಂದು ಸಾಕ್ಷಿಯಾಗಿ ಹಿಡಿದರು. ತುಂಗಾತೀರ ಎತ್ತಿದ ಗುರುತಿನ ಪ್ರಶ್ನೆಯನ್ನೇ ಎದುರು ಪಕ್ಷದವರೂ ಎತ್ತಿದರು, 1940ರ ದಶಕದಲ್ಲಿ ಕಾವೇರಿದ ವಾದ ನಡೆಯಿತು, ವಿಲ್ಸನ್ ತಮ್ಮ ಲೇಖನವನ್ನು ಪರಿಷ್ಕರಿಸಬೇಕಾಯಿತು. ಯಾರೂ ಗೆದ್ದಿಲ್ಲ.

ಕಡಲಕರೆ

ಮೇಷ್ಟ್ರೇ, ಜೇಮ್ಸ್ ಸ್ವತಃ ಎಂತ ಹೇಳಿದ್ದಾರೆ? ಬರೆದವರ ಮಾತಿಗೆ ಬೆಲೆ ಉಂಟಲ್ಲ.

ನಿವೃತ್ತ ಮೇಷ್ಟ್ರು

1908ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಹೇಳಿದ್ದಾರೆ. ಎರಡೂ ಪಕ್ಷದವರು ಅದನ್ನೇ ತಮ್ಮ ತಮ್ಮ ಕಡೆಗೆ ಎಳೆಯುತ್ತಾರೆ. ಸುಲಭವಾಗಿ ಸಿಕ್ಕಿಬೀಳದ ಓದುಗರನ್ನು ಹಿಡಿಯಲು ಹೂಡಿದ ಆಟ ಇದು ಎನ್ನುತ್ತಾರೆ. ಕ್ವಿಂಟ್, ಜೆಸೆಲ್ ಇಬ್ಬರೂ ಸಂಶೋಧಕರು ದಾಖಲಿಸುವಂಥ ದೆವ್ವಗಳೇ ಅಲ್ಲ, ಹಳೆಯ ಕಾಲದ ಪಿಶಾಚಿಗಳ ಜಾತಿಗೆ ಸೇರಿದವರು ಎನ್ನುತ್ತಾರೆ. ಕೇಡು ಏನೆಂದು ತಾವು ಹೇಳುವುದಿಲ್ಲ, ಓದುಗನೇ ಊಹಿಸಿಕೊಳ್ಳಲಿ, ಅವನ ಊಹೆಯೇ ಅವನಿಗೆ ಸಾಕಷ್ಟು ಕೇಡು ಒದಗಿಸುತ್ತದೆ ಎನ್ನುತ್ತಾರೆ.

ದಾಖಲಾದ ದೆವ್ವಗಳ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಲಂಡನ್ನಿನಲ್ಲಿ 1882ರಲ್ಲಿ ಅತೀಂದ್ರಿಯ ಸಂಶೋಧನೆಯ ಸಂಘ ಹುಟ್ಟಿತು. ಅವರ ಅಣ್ಣ, ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್, ಅಂಥ ಸಂಶೋಧನೆಯಲ್ಲಿ ಮುಳುಗಿದ್ದವರು. ಅಣ್ಣ ಅಮೆರಿಕದಲ್ಲಿದ್ದ ಕಾರಣ 1890ರಲ್ಲಿ ಸಂಘದ ಸಭೆಯಲ್ಲಿ ಅವರ ವರದಿಯನ್ನು ಹೆನ್ರಿಯೇ ಓದಿದರು.

ಸಾಧನಕೇರಿ

ಮೇಷ್ಟ್ರ, ಅವರಪ್ಪನ ಕಥಿನೂ ಹೇಳ್ರಲ್ಲ. 1844ರಾಗ ಇಂಗ್ಲೆಂಡಿನ ವಿಂಡ್ಸರ್ ಹತ್ರ ಬಾಡಿಗಿ ಮನ್ಯಾಗಿದ್ರು. ಊಟಾ ಆದಮ್ಯಾಲ ಒಬ್ರ ಬೆಂಕಿ ಮುಂದ ಕುಂತಾಗ, ಕೋಣ್ಯಾಗ ಕಣ್ಣಿಗೆ ಕಾಣದ ಒಂದು ಆಕಾರ ಕುಕ್ಕರಗಾಲಿಲೆ ಕುಂತದ, ಅದರಿಂದ ಕೇಡು ಹರದು ಬರಾಕತ್ಯದ ಅಂತ ಅನಿಸಿ, ದೊಡ್ಡ ಮನಶ್ಯಾ ಕೂಸಿನಂಗ ನಡುಗಿ ಹೋದ್ರು. ಅದರಿಂದ ಚೇತರಿಸ್ಕೊಳ್ಳಾಕ ವರ್ಷಗಟ್ಟಲೆ ಹಿಡೀತು. ಆಗ ಹೆನ್ರಿ ಒಂದು ವರ್ಷದ ಕೂಸು. ಅಂಥಾ ಮನ್ಯಾಗ ಬೆಳದವರಿಗೆ ‘ಖರೇ ದೆವ್ವೋ, ಮನಸಿಂದೋ’ ಅಂತ ಗೆರಿ ಹೊಡದು ಕೇಳೂ ಪ್ರಶ್ನೆನ ಹುಟ್ಟಿರಲಿಕ್ಕಿಲ್ಲ ಅಂತ ನನಗ ಅನಸ್ತದ. ಅಪ್ಪಗ ಕಾಣಿಸಿದ್ದು ಖರೇನೂ ಹೌದು, ಒಳಗಿಂದ ಬಂದದ್ದೂ ಹೌದು.

1921ರಾಗ ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫ್ ಇದರ ಬಗ್ಗೆ ಬರದದ್ದು ನೆನಪಾತು. ಹಳೇ ಕಥಿಗಳ ರಕ್ತಾ ಮೆತ್ತಿದ ದೆವ್ವಗಳಿಗೂ ಇವಕ್ಕೂ ಸಂಬಂಧ ಇಲ್ಲ, ನಾವು ಹೆದರೂದು ಹೆಸರಿಲ್ಲದ್ದಕ್ಕ, ನಮ್ಮೊಳಗ ಇರೂದಕ್ಕ ಅನ್ನೂ ಅರ್ಥದ ಮಾತು ಅದು.

ಬಳಪ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಅದಕ್ಕೇ ಈ ಮಾತು ಹೇಳಬೇಕು ಅನ್ನಿಸಿತು. ನೀವೆಲ್ಲರೂ ಗವರ್ನೆಸ್ ಬಗ್ಗೆ ಮಾತಾಡುತ್ತಿದ್ದೀರಿ. ಮಕ್ಕಳ ಬಗ್ಗೆ ಯಾರೂ ಆಡಲಿಲ್ಲ.

ಇಪ್ಪತ್ತನೇ ಅಧ್ಯಾಯದ ಕೆರೆಯ ದಡ. ಗವರ್ನೆಸ್ ಫ್ಲೋರಾಳ ಮುಖಕ್ಕೆ ನೇರವಾಗಿ ಕೇಳಿಬಿಡುತ್ತಾಳೆ, ಮಿಸ್ ಜೆಸೆಲ್ ಎಲ್ಲಿ ಎಂದು. ಆಮೇಲೆ ಅಗೋ ಅಲ್ಲಿ ಎಂದು ಆಚೆ ದಡದತ್ತ ಕೈ ತೋರಿಸುತ್ತಾಳೆ. ಮಿಸೆಸ್ ಗ್ರೋಸ್‌ಗೆ ಏನೂ ಕಾಣುವುದಿಲ್ಲ. ಮಗು ಆ ಕಡೆ ತಿರುಗಿಯೂ ನೋಡುವುದಿಲ್ಲ, ಗವರ್ನೆಸ್‌ಳ ಮುಖವನ್ನೇ ನೋಡುತ್ತದೆ. ಆಮೇಲೆ ಹೇಳುತ್ತದೆ: ನನಗೆ ಯಾರೂ ಕಾಣುತ್ತಿಲ್ಲ, ಎಂದೂ ಕಂಡಿಲ್ಲ, ನೀನು ಕ್ರೂರಿ, ನಿನ್ನನ್ನು ಕಂಡರೆ ನನಗೆ ಆಗುವುದಿಲ್ಲ. ಅಂದು ರಾತ್ರಿ ಮಗುವಿಗೆ ಜ್ವರ. ಬಾಯಿಂದ ಕೇಳಬಾರದ ಮಾತು.

ಕ್ವಿಂಟ್ ಮತ್ತು ಜೆಸೆಲ್ ಬದುಕಿದ್ದಾಗ ಆ ಮಕ್ಕಳಿಗೆ ಏನೋ ಆಗಿದೆ. ಅದರಲ್ಲಿ ನನಗೆ ಸಂದೇಹವಿಲ್ಲ. ತಿಂಗಳುಗಟ್ಟಲೆ ಮೈಲ್ಸ್ ಕ್ವಿಂಟ್ ಜೊತೆಗೇ ತಿರುಗುತ್ತಿದ್ದ, ಆ ಬಗ್ಗೆ ಕೇಳಿದರೆ ಸುಳ್ಳು ಹೇಳುತ್ತಿದ್ದ ಎಂದು ಮಿಸೆಸ್ ಗ್ರೋಸ್ ಬಾಯಲ್ಲೇ ಬರುತ್ತದೆ. ಅವಳಿಗೆ ಭಯ ಇತ್ತು, ಸುಮ್ಮನಿದ್ದಳು. ಹೀಗೆ ಗುಟ್ಟು ಹೊತ್ತ ಮಗು ಹೇಗಿರುತ್ತದೆ ಗೊತ್ತೇ? ತುಂಬ ಒಳ್ಳೆಯದಾಗಿ ಇರುತ್ತದೆ. ಹೇಳಿದ ಮಾತು ಕೇಳುತ್ತದೆ, ದೊಡ್ಡವರನ್ನು ಖುಷಿಪಡಿಸುತ್ತದೆ. ಮೈಲ್ಸ್, ಫ್ಲೋರಾ ಇಬ್ಬರೂ ದೇವತೆಗಳ ಹಾಗಿದ್ದಾರೆ ಎಂದು ಹುಡುಗಿ ಮೊದಲು ಬೆರಗಾಗುತ್ತಾಳೆ, ಆಮೇಲೆ ಆ ಒಳ್ಳೆಯತನವೇ ಮೋಸ ಎನ್ನುತ್ತಾಳೆ. ಎರಡು ಸಲವೂ ಅವಳು ಮಕ್ಕಳನ್ನು ನೋಡಲಿಲ್ಲ. ಬಾಯಿ ಬಿಡಿಸಲೇಬೇಕು, ಒಪ್ಪಿಸಲೇಬೇಕು ಎಂಬ ಹಟ ಹಿಡಿದ ದೊಡ್ಡವರ ಎದುರು ಮಗು ಒಡೆದು ಹೋಗುತ್ತದೆ. ದೆವ್ವ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ತುಂಗಾತೀರ

ಬಳಪ ಅವರೇ, ಫ್ಲೋರಾ ಆಡಿದ ಆ ಕೆಟ್ಟ ಮಾತು ನನ್ನ ಪಕ್ಷಕ್ಕೇ ಸಾಕ್ಷಿ. ಮಾರನೇ ಬೆಳಿಗ್ಗೆ ಮಿಸೆಸ್ ಗ್ರೋಸ್ ಬಂದು, ಮಗುವಿನ ಬಾಯಿಂದ ಕೇಳಿದ್ದು ಸಾಕು, ನೀವು ಹೇಳಿದ್ದನ್ನು ನಾನು ನಂಬುತ್ತೇನೆ ಎನ್ನುತ್ತಾಳೆ. ಅವಳಿಗೆ ದೆವ್ವ ಕಂಡಿಲ್ಲ, ಆದರೂ ನಂಬುತ್ತಾಳೆ. ಆ ಮನೆಯಲ್ಲಿ ಕಾಲಿಗೆ ನೆಲ ತಾಗಿರುವ ಹೆಂಗಸು ಅವಳೊಬ್ಬಳೇ.

ಇನ್ನು ಹುಡುಗಿಗೆ ಭ್ರಮೆ ಎನ್ನುವವರು ಪೀಠಿಕೆ ಮರೆಯುತ್ತಾರೆ. ಈ ಕಥೆಯನ್ನು ಅವಳೇ ಬರೆದು ಡಗ್ಲಸ್ ಎಂಬವನಿಗೆ ಕೊಟ್ಟಿದ್ದಾಳೆ. ಬ್ಲೈಯ ಪ್ರಸಂಗ ಮುಗಿದ ಎಷ್ಟೋ ಕಾಲದ ಮೇಲೆ ಅವನ ತಂಗಿಗೆ ಗವರ್ನೆಸ್ ಆಗಿದ್ದವಳು. ತನ್ನ ಜೀವನದಲ್ಲಿ ಕಂಡ ಗವರ್ನೆಸ್‌ಗಳಲ್ಲೆಲ್ಲ ಅವಳೇ ಬಲು ಒಳ್ಳೆಯವಳು, ಜಾಣೆ ಎಂದು ಅವನು ಹೇಳುತ್ತಾನೆ. ಮಗುವನ್ನು ಕೊಂದ ಹುಚ್ಚಿ ಮತ್ತೆ ಮಕ್ಕಳ ನಡುವೆ ವರ್ಷಾನುಗಟ್ಟಲೆ ಹೀಗೆ ಬದುಕಬಲ್ಲಳೇ?

ಕಡಲಕರೆ

ಮೇಡಂ, ಹಾಗೆ ಹೇಳುವ ಡಗ್ಲಸ್‌ಗೆ ಅವಳ ಮೇಲೆ ಮನಸ್ಸಿತ್ತು. ಅವನಿಗಿಂತ ಹತ್ತು ವರ್ಷ ದೊಡ್ಡವಳು, ತೋಟದಲ್ಲಿ ಒಟ್ಟಿಗೆ ತಿರುಗಾಡಿದ್ದಾರೆ. ಅವಳು ಸತ್ತು ಇಪ್ಪತ್ತು ವರ್ಷವಾದರೂ ಹಸ್ತಪ್ರತಿಯನ್ನು ಬೀಗ ಹಾಕಿ ಇಟ್ಟುಕೊಂಡವನು. ಪ್ರೀತಿಸಿದವರ ಶಿಫಾರಸು ಅದು.

ಬಳಪ ಟೀಚರ್, ನಿಮ್ಮ ಮಾತನ್ನು ನಾನು ಪೂರಾ ಒಪ್ಪುತ್ತೇನೆ. ಆದರೆ ದೆವ್ವ ಇದ್ದರೂ ಇಲ್ಲದಿದ್ದರೂ ಅಷ್ಟೇ ಎಂದು ಬಿಡಲಿಕ್ಕೆ ನನ್ನಿಂದ ಆಗುವುದಿಲ್ಲ. ದೆವ್ವ ಇತ್ತು ಅಂದರೆ ಅವಳು ಸೋತ ರಕ್ಷಕಿ. ಇಲ್ಲ ಅಂದರೆ ಒಂದು ಮಗುವನ್ನು ಹೆದರಿಸಿ ಕೊಂದವಳು. ಇವೆರಡು ಹೇಗೆ ಒಂದೇ ಆದೀತು?

ಓಲೆಗರಿ

ಕಾಗದಗಳನ್ನು ಯಾರಾದರೂ ಗಮನಿಸಿದ್ದೀರಾ? ನನಗೆ ಈ ಕಾದಂಬರಿ ಪೂರ್ತಿ ಮುಟ್ಟದ ಕಾಗದಗಳ ಕಥೆಯಾಗಿ ಕಾಣುತ್ತದೆ.

ಮೊದಲನೆಯದು ಮೈಲ್ಸ್‌ನ ಶಾಲೆಯಿಂದ ಬಂದದ್ದು. ಮುಖ್ಯೋಪಾಧ್ಯಾಯರು ದೊಡ್ಡಪ್ಪನಿಗೆ ಬರೆದಿದ್ದಾರೆ. ಅವನು ಒಡೆದೂ ನೋಡದೆ ಇದನ್ನು ನೀನೇ ಓದಿ ವ್ಯವಹರಿಸು, ನನಗೆ ಒಂದು ಮಾತೂ ಬೇಡ ಎಂದು ಹುಡುಗಿಗೆ ಕಳಿಸುತ್ತಾನೆ. ಮಗುವನ್ನು ಶಾಲೆ ಹೊರಗೆ ಹಾಕಿದೆ, ಕಾರಣ ಅದರಲ್ಲಿ ಇಲ್ಲ. ಕಾಗದವನ್ನು ಮಿಸೆಸ್ ಗ್ರೋಸ್ ಕೈಗೆ ಕೊಟ್ಟರೆ ಅವಳು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಅವಳಿಗೆ ಓದು ಬರುವುದಿಲ್ಲ. ಮಕ್ಕಳಿಗೆ ಏನಾಗಿತ್ತು ಎಂದು ಕಣ್ಣಾರೆ ಕಂಡಿದ್ದ ಒಬ್ಬಳೇ ಸಾಕ್ಷಿಗೆ ಅಕ್ಷರ ಗೊತ್ತಿಲ್ಲ, ಯಜಮಾನನನ್ನು ತಲುಪಲು ಅಕ್ಷರ ಬಿಟ್ಟರೆ ದಾರಿಯಿಲ್ಲ.

ಹದಿಮೂರನೇ ಅಧ್ಯಾಯ ಇನ್ನೂ ಸಂಕಟದ್ದು. ಮಕ್ಕಳು ದೊಡ್ಡಪ್ಪನಿಗೆ ಕಾಗದ ಬರೆಯುತ್ತಾರೆ. ಹುಡುಗಿ ಅವನ್ನು ಅಂಚೆಗೆ ಹಾಕುವುದಿಲ್ಲ. ಇವು ಬರವಣಿಗೆಯ ಚಂದದ ಅಭ್ಯಾಸ ಮಾತ್ರ ಎಂದು ಮಕ್ಕಳಿಗೆ ತಿಳಿಯಗೊಡುತ್ತಾಳೆ, ಕಾಗದಗಳನ್ನು ತಾನೇ ಇಟ್ಟುಕೊಳ್ಳುತ್ತಾಳೆ. ಈಗಲೂ ಎಲ್ಲವೂ ನನ್ನ ಬಳಿ ಇವೆ ಎಂದು ಬರೆಯುತ್ತಾಳೆ. ಮೈಲ್ಸ್ ಸತ್ತ ಎಷ್ಟೋ ವರ್ಷದ ಮೇಲೆ ಬರೆಯುತ್ತಿರುವ ಮಾತು ಇದು! ಎರಡು ಅನಾಥ ಮಕ್ಕಳು ತಮ್ಮವರು ಎಂದು ಉಳಿದಿದ್ದ ಒಬ್ಬನೇ ಮನುಷ್ಯನಿಗೆ ಏನು ಬರೆದಿದ್ದರು? ಅವಳು ಒಂದು ಸಾಲೂ ನಮಗೆ ತೋರಿಸುವುದಿಲ್ಲ.

ಕೊನೆಗೆ ಷರತ್ತು ಮುರಿದು ಅವಳೇ ಬರೆಯುತ್ತಾಳೆ. ಆ ಕಾಗದವನ್ನು ಮೈಲ್ಸ್ ಕದ್ದು ಒಡೆದು ನೋಡಿ ಸುಟ್ಟುಬಿಡುತ್ತಾನೆ. ಅದರಲ್ಲಿ ಇದ್ದದ್ದಾದರೂ ಏನು? ನಿಮ್ಮನ್ನು ಕಾಣಬೇಕು ಎಂಬ ಬಿನ್ನಹ, ಅಷ್ಟೇ.

ನೀವು ದೆವ್ವವನ್ನು ನಂಬಿ, ಬಿಡಿ. ಹಾರ್ಲಿ ಸ್ಟ್ರೀಟಿನಲ್ಲಿ ಕೂತವನು ಒಂದು ಸಲ ಬ್ಲೈಗೆ ಬಂದಿದ್ದರೆ ಮೈಲ್ಸ್ ಸಾಯುತ್ತಿರಲಿಲ್ಲ. ದುಡ್ಡು ಕೊಡುತ್ತೇನೆ, ತಲೆನೋವು ಬೇಡ ಎಂದವನು ಅವನು. ಎರಡೂ ಪಕ್ಷದ ವಾದದಲ್ಲಿ ಅವನ ಹೆಸರೇ ಬರುವುದಿಲ್ಲ. ಕ್ವಿಂಟ್‌ನನ್ನು ಮಕ್ಕಳ ಮೇಲೆ ಅಧಿಕಾರ ಕೊಟ್ಟು ಅಲ್ಲಿ ಬಿಟ್ಟವನೂ ಅವನೇ.

ಸಾಧನಕೇರಿ

ಓಲೆಗರಿ ಅವರ, ನೀವು ಬರದದ್ದು ಓದಿ ಹದಿಮೂರನೇ ಅಧ್ಯಾಯ ತಗದು ಮತ್ತ ನೋಡಿದೆ. ಖರೇ ಅದ. ಕಾಗದ ಬರಿಯೂ ಆ ಕೂಸುಗಳನ್ನ ನೆನಸಿಕೊಂಡು ಹೊಟ್ಟಿಯೊಳಗ ಕಲಸಿದಂಗಾತು.

ನಿವೃತ್ತ ಮೇಷ್ಟ್ರು

ಓಲೆಗರಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಆ ಕಾಲದ ಇಂಗ್ಲೆಂಡಿನಲ್ಲಿ ಗವರ್ನೆಸ್ ಎಂದರೆ ಮನೆಯ ಒಡತಿಯೂ ಅಲ್ಲ, ಆಳೂ ಅಲ್ಲ. ಮೇಲಿನ ಪಂಕ್ತಿಯಲ್ಲಿ ಊಟಕ್ಕೆ ಜಾಗವಿಲ್ಲ, ಕೆಳಗಿನವರು ಜೊತೆಗೆ ಸೇರಿಸುವುದಿಲ್ಲ. ಓದಿದ ಬಡ ಹೆಣ್ಣಿಗೆ ಮಾನದಿಂದ ಬದುಕಲು ಬೇರೆ ಕೆಲಸ ಕಡಿಮೆ. ಜೆಸೆಲ್ ತನಗಿಂತ ಕೆಳಗಿನ ದರ್ಜೆಯ ಕ್ವಿಂಟ್ ಜೊತೆ ಸೇರಿ ಹಾಳಾದಳು ಎಂಬುದೇ ಮಿಸೆಸ್ ಗ್ರೋಸ್‌ಗೆ ದೊಡ್ಡ ಆಘಾತ. ಪಾಠದ ಕೋಣೆಯಲ್ಲಿ ಜೆಸೆಲ್ ತನ್ನ ಹಳೆಯ ಮೇಜಿನ ಮುಂದೆ ಕೂತಿರುವುದನ್ನು ಕಂಡಾಗ ಈ ಹುಡುಗಿಗೆ ಒಂದು ಗಳಿಗೆ ಅನ್ನಿಸುತ್ತದೆ, ಹೊರಗಿನಿಂದ ನುಗ್ಗಿದವಳು ತಾನೇ ಎಂದು. ಆ ಕುರ್ಚಿಯಲ್ಲಿ ಕೂತ ಯಾವ ಹೆಣ್ಣಿನ ಗತಿಯೂ ಒಂದೇ ಎಂದು ಅವಳಿಗೆ ಹೊಳೆದಿರಬೇಕು.

ರಂಗಕ್ಕೆ ತಂದವರ ಕಷ್ಟವನ್ನೂ ಹೇಳಬೇಕು. 1954ರಲ್ಲಿ ಇಂಗ್ಲೆಂಡಿನ ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್ ಇದನ್ನು ಒಪೆರಾ, ಅಂದರೆ ಹಾಡಿನ ನಾಟಕ, ಮಾಡಿದರು, ವೆನಿಸ್‌ನಲ್ಲಿ ಮೊದಲ ಪ್ರದರ್ಶನ. ಅಲ್ಲಿ ಕ್ವಿಂಟ್ ಹಾಡುತ್ತಾನೆ, ಮೈಲ್ಸ್‌ನ ಹೆಸರು ಹಿಡಿದು ಕರೆಯುತ್ತಾನೆ. ದೆವ್ವಕ್ಕೆ ದನಿ ಬಂದ ಕೂಡಲೇ ಪ್ರಶ್ನೆಯ ಅರ್ಧ ತೀರ್ಮಾನವಾಗಿಬಿಡುತ್ತದೆ. ಸಂಗೀತ ಅಪೂರ್ವವಾದದ್ದು, ಆದರೂ ಪುಸ್ತಕದ ಮೌನ ನನಗೆ ಹೆಚ್ಚು.

ಹಗಲುಗನಸು

ಮೇಷ್ಟ್ರೇ, ನೀವು ಹೇಳಿದ ಹಾಗೆ ಕೊನೆಯ ಅಧ್ಯಾಯವನ್ನ ಗಟ್ಟಿಯಾಗಿ ಓದಿದೆ. ವಾಕ್ಯಗಳು ಈಗಲೂ ಉದ್ದ ಅಂತಲೇ ಅನ್ನಿಸುತ್ತೆ, ಮಧ್ಯದ ಅಧ್ಯಾಯಗಳು ಎಳೆದಾಡುತ್ತವೆ ಅನ್ನೋ ಮಾತನ್ನ ವಾಪಸ್ ತಗೊಳ್ಳಲ್ಲ. ಆದರೆ ಕೊನೆಯಲ್ಲಿ ಒಂದು ಸಂಶಯ ಬಂತು. ಅವನಾ ಅಂತ ಮೈಲ್ಸ್ ಕೇಳ್ತಾನೆ. ಯಾರು ಅಂತ ಅವಳು ಪೀಡಿಸ್ತಾಳೆ. ಆಗ ಅವನು ಪೀಟರ್ ಕ್ವಿಂಟ್ ಅಂತ ಕೂಗಿ, ಅದೇ ಉಸಿರಲ್ಲಿ ‘ಪಿಶಾಚಿ ನೀನು’ ಅಂತಾನೆ. ಪಿಶಾಚಿ ಅಂದಿದ್ದು ಯಾರಿಗೆ? ಕ್ವಿಂಟ್‌ಗಾ, ಅವಳಿಗಾ?

ಕಡಲಕರೆ

ಅವಳಿಗೆ. ಅವನಿಗೆ ಕ್ವಿಂಟ್ ಕಾಣುವುದೇ ಇಲ್ಲ, ಎಲ್ಲಿ ಎಂದು ಸುತ್ತ ಹುಡುಕುತ್ತಾನೆ. ಅದಕ್ಕಿಂತ ಮುಂಚೆ ಮಿಸ್ ಜೆಸೆಲ್ ಹೆಸರನ್ನೇ ಹೇಳಿದ್ದ. ಫ್ಲೋರಾಗೆ ಏನಾಯಿತು ಎಂದು ಅವನಿಗೆ ಗೊತ್ತಿರಬೇಕು, ಅದನ್ನು ಹಿಡಿದು ಊಹಿಸುತ್ತಿದ್ದಾನೆ. ಕಾಣುವವನಾದರೆ ಗಂಡೋ ಹೆಣ್ಣೋ ಎಂದು ತಿಳಿಯಬೇಡವೇ?

ತುಂಗಾತೀರ

ಕ್ವಿಂಟ್‌ಗೆ. ಅವಳು ಕ್ವಿಂಟ್ ಹೆಸರನ್ನು ಮೈಲ್ಸ್ ಮುಂದೆ ಒಮ್ಮೆಯೂ ಎತ್ತಿಲ್ಲ, ಪುಸ್ತಕ ತೆಗೆದು ನೋಡಿ. ಆ ಹೆಸರು ಮಗುವಿನ ಒಳಗಿಂದ ಬಂತು. ಅಷ್ಟು ದಿನ ಒಳಗೆ ಹೊತ್ತುಕೊಂಡಿದ್ದನ್ನು ಹೊರಗೆ ಹಾಕಿದ, ಅದಕ್ಕೇ ಪ್ರಾಣ ಹೋಯಿತು.

ಬಳಪ

ಅದಕ್ಕೆ ಸ್ವಲ್ಪ ಮುಂಚೆ ಅವನು ಶಾಲೆಯಲ್ಲಿ ಏನು ಮಾಡಿದೆ ಎಂದು ಹೇಳುತ್ತಾನಲ್ಲ, ಅಲ್ಲಿಗೆ ಹೋಗಿ. ಕದ್ದಿಲ್ಲ. ಏನೋ ಮಾತುಗಳನ್ನು ಹೇಳಿದ್ದ. ಯಾರಿಗೆ? ತನಗೆ ಇಷ್ಟವಾದವರಿಗೆ, ಕೆಲವರಿಗೆ ಮಾತ್ರ. ಅವರು ತಮಗೆ ಇಷ್ಟವಾದವರಿಗೆ ಹೇಳಿರಬೇಕು ಎನ್ನುತ್ತಾನೆ. ಹಾಗೆ ಅದು ಮೇಷ್ಟ್ರುಗಳ ಕಿವಿಗೆ ಬಿತ್ತು.

ತನಗೆ ಆದದ್ದನ್ನು ಆ ಮಗು ಗೆಳೆಯರ ಹತ್ತಿರ ಹೇಳಿಕೊಂಡಿತ್ತು. ಶಾಲೆ ಕೇಳಿಸಿಕೊಂಡು ಹೊರಗೆ ಹಾಕಿತು. ಪುಸ್ತಕದಲ್ಲಿ ಮೈಲ್ಸ್‌ಗೆ ಯಾರಾದರೂ ಒಬ್ಬರು, ಯಾವ ಮಾತು ಹೇಳಿದೆ ಎನ್ನುವುದಕ್ಕಿಂತ ಮೊದಲು, ನಿನಗೆ ಏನಾಯಿತು ಮಗೂ ಎಂದು ಕೇಳಿದ್ದು ನಿಮಗೆ ಸಿಕ್ಕಿತೇ? ನಾನು ಹುಡುಕಿದೆ, ನನಗೆ ಸಿಗಲಿಲ್ಲ.

ಕಡಲಕರೆ

ಇಲ್ಲ ಟೀಚರ್. ಇಲ್ಲ.

ತುಂಗಾತೀರ

ಹದಿನೇಳನೇ ಅಧ್ಯಾಯದಲ್ಲಿ ರಾತ್ರಿ ಅವನ ಮಂಚದ ಬಳಿ ಕೂತು, ನಿನಗೆ ಸಹಾಯ ಮಾಡಬೇಕೆಂದು ಅವಳು ಬೇಡಿಕೊಳ್ಳುತ್ತಾಳೆ. ನನ್ನನ್ನು ಸುಮ್ಮನೆ ಬಿಟ್ಟುಬಿಡಿ ಎಂದು ಅವನು ಹೇಳಿದ ಮೇಲೂ ಬಿಡುವುದಿಲ್ಲ. ಆಗ ತಣ್ಣನೆ ಗಾಳಿ ಬೀಸಿ ಮೇಣದ ಬತ್ತಿ ಆರಿ ಹೋಗುತ್ತದೆ, ಆರಿಸಿದ್ದು ನಾನೇ ಎನ್ನುತ್ತಾನೆ ಮೈಲ್ಸ್. ಕಿಟಕಿ ಮುಚ್ಚಿತ್ತು. ನನಗೆ ಅಲ್ಲಿ ಕ್ವಿಂಟ್ ಇದ್ದ. ನಮ್ಮ ಬಳಗ ಮತ್ತೆ ಸೇರಿದಾಗ ಆ ಅಧ್ಯಾಯದಿಂದಲೇ ಶುರು ಮಾಡುತ್ತೇವೆ, ಬಳಪ ಅವರ ಪ್ರಶ್ನೆಯನ್ನೂ ಇಡುತ್ತೇನೆ. ಶಿವಮೊಗ್ಗದ ಕಡೆ ಇರುವವರು ಬನ್ನಿ.